ಗೇರ್‌ಬಾಕ್ಸ್ ಇಳಿಸುವ ಮೊದಲು: ಕಾರಿನ ಕ್ಲಚ್ ತೊಂದರೆ ಪತ್ತೆ ಮತ್ತು ರಿಪೇರಿಯ ಸಮಗ್ರ ಮಾರ್ಗದರ್ಶಿ

ಕ್ಲಚ್ ಪ್ಲೇಟ್ ಅನ್ನೋದು ಒಂದು ತಟ್ಟೆಯಷ್ಟು ಅಗಲದ ಸಾಮಾನು. ಅದನ್ನು ಬದಲಾಯಿಸೋದು ಕಷ್ಟದ ಕೆಲಸವೇ ಅಲ್ಲ, ಆರು ಅಥವಾ ಎಂಟು ಬೋಲ್ಟ್ ಅಷ್ಟೆ. ಕಷ್ಟ ಇರುವುದು ಅಲ್ಲಿಯವರೆಗೆ ಹೋಗುವುದರಲ್ಲಿ. ಇಡೀ ಗೇರ್‌ಬಾಕ್ಸ್ ಕೆಳಗಿಳಿಯಬೇಕು. ಹಾಗಾಗಿ ಕ್ಲಚ್ ವಿಷಯದಲ್ಲಿ ರಿಪೇರಿಗಿಂತ ಪತ್ತೆಯೇ ದೊಡ್ಡದು. ತಪ್ಪು ಪತ್ತೆ ಮಾಡಿ ಗೇರ್‌ಬಾಕ್ಸ್ ಇಳಿಸಿದರೆ ಒಂದಿಡೀ ದಿನದ ದುಡಿಮೆ ನೀರಿಗೆ ಹೋದಂತೆ.

ನನಗೇ ಇದು ಆಗಿದೆ. ಕಾರಿಗೆ ರಿವರ್ಸ್ ಗೇರ್ ಹಾಕುವಾಗ ಕರ್ರ್ ಅಂತ ಸದ್ದು ಬರುತ್ತಿತ್ತು. ಗ್ಯಾರೇಜಿನಲ್ಲಿ ಕ್ಲಚ್ ಹೋಗಿದೆ ಎಂದರು. ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಸೆಟ್ ಬದಲಾಯಿಸಿದರು. ಎರಡೇ ದಿನದಲ್ಲಿ ಅದೇ ಸದ್ದು ಮತ್ತೆ ಶುರು. ಪೆಡಲ್ ಕೆಳಗಿನ ಮ್ಯಾಟ್ ಎತ್ತಿ ನೋಡಿದಾಗ ಕಾರ್ಪೆಟ್ ಒದ್ದೆಯಾಗಿತ್ತು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಸೋರುತ್ತಿತ್ತು, ಅಷ್ಟೆ. ಬಿಚ್ಚಿ ತೆಗೆದ ಹಳೆಯ ಪ್ಲೇಟ್‌ನಲ್ಲಿ ಇನ್ನೂ ಸಾಕಷ್ಟು ಜೀವ ಇತ್ತು. ಅಂದಿನಿಂದ ನಾನು ಒಂದು ಕ್ರಮ ಬಿಡುವುದಿಲ್ಲ: ಮೊದಲು ಸೀಟಿನಲ್ಲಿ ಕೂತು ನೋಡುವುದು, ಆಮೇಲೆ ಬಾನೆಟ್ ತೆಗೆದು ನೋಡುವುದು, ಎಲ್ಲಕ್ಕಿಂತ ಕೊನೆಗೆ ಕಾರಿನ ಕೆಳಗೆ ಹೋಗುವುದು. ಈ ಬರಹವೂ ಅದೇ ಕ್ರಮದಲ್ಲಿದೆ.

ಹಿಡಿಯುತ್ತಿಲ್ಲವೋ, ಬಿಡುತ್ತಿಲ್ಲವೋ?

ಎಂಜಿನ್‌ನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ ಇರುತ್ತದೆ. ಅದರ ಮೇಲೆ ಪ್ರೆಶರ್ ಪ್ಲೇಟ್ ಬೋಲ್ಟ್ ಆಗಿರುತ್ತದೆ. ಇವೆರಡರ ನಡುವೆ ಕ್ಲಚ್ ಪ್ಲೇಟ್. ಪ್ರೆಶರ್ ಪ್ಲೇಟ್‌ನೊಳಗಿನ ಡಯಾಫ್ರಾಮ್ ಸ್ಪ್ರಿಂಗ್ ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿ ಹಿಡಿದಿರುತ್ತದೆ. ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಮೇಲೆ ಕೂತಿರುತ್ತವೆ. ಹೀಗೆ ಎಂಜಿನ್ ತಿರುಗಿದರೆ ಗೇರ್‌ಬಾಕ್ಸೂ ತಿರುಗುತ್ತದೆ.

ಪೆಡಲ್ ಒತ್ತಿದಾಗ ಒಂದು ಕೇಬಲ್ ಅಥವಾ ಪೈಪಿನೊಳಗಿನ ಬ್ರೇಕ್ ಆಯಿಲ್ ಆ ಬಲವನ್ನು ಫೋರ್ಕ್‌ಗೆ ಮುಟ್ಟಿಸುತ್ತದೆ. ಫೋರ್ಕ್ ರಿಲೀಸ್ ಬೇರಿಂಗನ್ನು ತಳ್ಳುತ್ತದೆ. ಬೇರಿಂಗ್ ಡಯಾಫ್ರಾಮ್ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ. ಆಗ ಪ್ರೆಶರ್ ಪ್ಲೇಟ್ ಕೂದಲೆಳೆಯಷ್ಟು ಹಿಂದೆ ಸರಿದು, ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ. ಇಷ್ಟೇ ಕ್ಲಚ್.

ಅಂದ ಮೇಲೆ ಅದು ಕೆಡುವುದೂ ಮುಖ್ಯವಾಗಿ ಎರಡೇ ರೀತಿ. ಒಂದೋ ಹಿಡಿಯಬೇಕಾದಾಗ ಹಿಡಿಯುವುದಿಲ್ಲ, ಇಲ್ಲವೇ ಬಿಡಬೇಕಾದಾಗ ಬಿಡುವುದಿಲ್ಲ. ಹಿಡಿಯದಿದ್ದರೆ ಸ್ಲಿಪ್, ಅಂದರೆ ಪ್ಲೇಟ್ ಜಾರುತ್ತದೆ. ಬಿಡದಿದ್ದರೆ ಗೇರ್ ಬೀಳುವುದಿಲ್ಲ. ಸದ್ದು, ನಡುಕ ಇವೆಲ್ಲ ಬೇರೆ ಲೆಕ್ಕ, ಆಮೇಲೆ ನೋಡೋಣ. ನಿಮ್ಮ ಕಾರಿನದು ಯಾವುದು ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಎರಡಕ್ಕೂ ಕಾರಣ ಬೇರೆ, ಮದ್ದು ಬೇರೆ.

ಹಿಡಿಯದ ಕ್ಲಚ್ ಪರೀಕ್ಷೆ

ಖಾಲಿ ಇರುವ, ಸ್ವಲ್ಪ ಏರು ಇರುವ ರಸ್ತೆ ಹುಡುಕಿ. ನಾಲ್ಕನೇ ಗೇರಿನಲ್ಲಿ ಸುಮಾರು 2000 ಆರ್‌ಪಿಎಂ ಇರುವಂತೆ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮತ್ತು ವೇಗ ಎರಡೂ ಜೊತೆಜೊತೆಯಾಗಿ ಏರಬೇಕು. ಆರ್‌ಪಿಎಂ ಮುಳ್ಳು ಮೇಲಕ್ಕೆ ನೆಗೆದು, ಕಾರು ಮಾತ್ರ ಅದೇ ವೇಗದಲ್ಲಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಸುಟ್ಟ ವಾಸನೆಯೂ ಬರಬಹುದು. ಮೇಲಿನ ಗೇರಿನಲ್ಲೇ ಪರೀಕ್ಷೆ ಮಾಡಬೇಕು, ಯಾಕೆಂದರೆ ಕ್ಲಚ್ ಮೇಲೆ ಹೊರೆ ಜಾಸ್ತಿ ಬೀಳುವುದು ಅಲ್ಲಿ. ಒಂದನೇ ಗೇರಿನಲ್ಲಿ ಚೆನ್ನಾಗಿಯೇ ಹೋಗುವ ಕಾರು ನಾಲ್ಕರಲ್ಲಿ ಗುಟ್ಟು ಬಿಡುತ್ತದೆ.

ರಸ್ತೆಗೆ ಹೋಗಲು ಆಗದಿದ್ದರೆ ನಿಂತಲ್ಲೇ ನೋಡಬಹುದು. ಸುತ್ತ ಯಾರೂ ಇರಬಾರದು. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆಯಿರಿ, ಬಲಗಾಲು ಬ್ರೇಕ್ ಮೇಲೆ ಇರಲಿ. ನಾಲ್ಕನೇ ಗೇರ್ ಹಾಕಿ ಮೆಲ್ಲಗೆ ಕ್ಲಚ್ ಬಿಡಿ. ಒಳ್ಳೆಯ ಕ್ಲಚ್ ಆದರೆ ಎಂಜಿನ್ ತಕ್ಷಣ ಆಫ್ ಆಗುತ್ತದೆ. ಪೆಡಲ್ ಪೂರ್ತಿ ಬಿಟ್ಟರೂ ಎಂಜಿನ್ ಓಡುತ್ತಲೇ ಇದ್ದರೆ ಹಿಡಿತ ಹೋಗಿದೆ ಎಂದೇ ಅರ್ಥ. ಇದನ್ನು ಒಂದು ಸಲ ಮಾಡಿದರೆ ಸಾಕು. ಸುಮ್ನೆ ಮತ್ತೆ ಮತ್ತೆ ಮಾಡಿದರೆ ಪ್ಲೇಟ್ ಮೇಲೆ ಉಳಿದಿರುವ ಲೈನಿಂಗೂ, ಅಂದರೆ ಉಜ್ಜುವ ಪದರವೂ ಸುಡುತ್ತದೆ.

ಸ್ಲಿಪ್ ಅಂದ ಕೂಡಲೇ ಪ್ಲೇಟ್ ಸವೆದಿದೆ ಎಂದು ತೀರ್ಮಾನಿಸಬೇಡಿ. ಹೊರಗಿನಿಂದ ಸ್ಲಿಪ್ ಆಗಲು ಎರಡು ಕಾರಣಗಳಿವೆ.

ಕೇಬಲ್ ಇರುವ ಕಾರಿನಲ್ಲಿ ಕೇಬಲ್ ಅತಿ ಬಿಗಿಯಾಗಿರಬಹುದು. ಆಗ ಕಾಲು ತೆಗೆದರೂ ಬೇರಿಂಗ್ ಬೆರಳುಗಳನ್ನು ಸ್ವಲ್ಪ ಒತ್ತಿಯೇ ಇರುತ್ತದೆ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಬಿಗಿ ಸಿಗುವ ಮೊದಲು ಸ್ವಲ್ಪ ದೂರ ಸಡಿಲವಾಗಿ ಹೋಗಬೇಕು. ಇದನ್ನೇ ಪ್ಲೇ ಅನ್ನುತ್ತಾರೆ. ಬಹಳಷ್ಟು ಕೇಬಲ್ ಕಾರುಗಳಲ್ಲಿ ಇದು 10ರಿಂದ 20 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ನಿಖರವಾದ ಅಳತೆ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ, ಅದನ್ನೇ ನಂಬಿ. ಪ್ಲೇ ಇಲ್ಲವೇ ಇಲ್ಲ ಅಂದರೆ ಮೊದಲು ಕೇಬಲ್ ಸರಿಮಾಡಿ, ಆಮೇಲೆ ಮತ್ತೆ ಪರೀಕ್ಷೆ ಮಾಡಿ. ಕೇಬಲ್ ತಾನೇ ಹೊಂದಿಕೊಳ್ಳುವ ಕಾರುಗಳೂ ಇವೆ. ಅವುಗಳಲ್ಲಿ ಈ ಸಡಿಲ ಸಿಗದೇ ಇರಬಹುದು.

ಆಯಿಲ್ ಇರುವ ಕಾರಿನಲ್ಲಿ ಇನ್ನೊಂದು ಮೋಸವಿದೆ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮಾಸ್ಟರ್ ಸಿಲಿಂಡರಿನಿಂದ ಆಯಿಲ್ ಟ್ಯಾಂಕಿಗೆ ವಾಪಸ್ ಹೋಗುವ ಸಣ್ಣ ತೂತು ಕಟ್ಟಿಕೊಂಡರೆ, ಅಥವಾ ಪೆಡಲಿನಿಂದ ಸಿಲಿಂಡರನ್ನು ತಳ್ಳುವ ಪುಶ್‌ರಾಡ್ ಉದ್ದ ಜಾಸ್ತಿಯಾಗಿ ಆ ತೂತನ್ನು ಮುಚ್ಚಿದರೆ, ಕಾಲು ತೆಗೆದ ಮೇಲೂ ಲೈನಿನಲ್ಲಿ ಒತ್ತಡ ಉಳಿಯುತ್ತದೆ. ಕಾರು ಓಡಿ ಬಿಸಿಯಾದ ಮೇಲೆ ಮಾತ್ರ ಸ್ಲಿಪ್ ಆಗುತ್ತಿದ್ದರೆ ಇದರ ಮೇಲೆ ಅನುಮಾನ ಇರಲಿ. ಪರೀಕ್ಷೆ ಸುಲಭ. ಸ್ಲಿಪ್ ಆಗುತ್ತಿರುವಾಗಲೇ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗೇರ್‌ಬಾಕ್ಸ್ ಕಡೆ ಫೋರ್ಕ್ ತಳ್ಳುವ ಸ್ಲೇವ್ ಸಿಲಿಂಡರಿನ ಬ್ಲೀಡ್ ನಿಪ್ಪಲನ್ನು (ಗಾಳಿ ತೆಗೆಯುವ ಸಣ್ಣ ತಿರುಪು) ಒಂದು ಕ್ಷಣ ಸಡಿಲಿಸಿ ಮತ್ತೆ ಬಿಗಿ ಮಾಡಿ. ಆಯಿಲ್ ಚಿಮ್ಮಿ, ಆಮೇಲೆ ಕ್ಲಚ್ ಸರಿಯಾಗಿ ಹಿಡಿದರೆ ತಪ್ಪು ಪ್ಲೇಟಿನದಲ್ಲ, ಆಯಿಲ್ ಲೈನಿನದು. ಎಂಜಿನ್ ಬಿಸಿ ಇರುವಾಗ ಕೈ ಸುಟ್ಟುಕೊಳ್ಳಬೇಡಿ, ಕನ್ನಡಕ ಮತ್ತು ಕೈಗವಸು ಹಾಕಿಕೊಳ್ಳಿ.

ಇವೆರಡೂ ಅಲ್ಲ ಅಂದರೆ ತೊಂದರೆ ಒಳಗಿದೆ. ಲೈನಿಂಗ್ ಸವೆದಿರಬಹುದು, ಲೈನಿಂಗ್ ಮೇಲೆ ಎಂಜಿನ್ ಆಯಿಲ್ ಅಥವಾ ಗೇರ್ ಆಯಿಲ್ ಬಿದ್ದಿರಬಹುದು, ಅಥವಾ ಪ್ರೆಶರ್ ಪ್ಲೇಟ್ ಕಸುವು ಕಳೆದುಕೊಂಡಿರಬಹುದು. ಈ ಮೂರಕ್ಕೂ ಗೇರ್‌ಬಾಕ್ಸ್ ಇಳಿಯಲೇಬೇಕು.

ಬಿಡದ ಕ್ಲಚ್ ಪರೀಕ್ಷೆ

ಎಲ್ಲಕ್ಕಿಂತ ಮೊದಲು ಮ್ಯಾಟ್ ನೋಡಿ. ದಪ್ಪ ಮ್ಯಾಟ್ ಪೆಡಲ್ ಕೆಳಗೆ ಮಡಚಿಕೊಂಡಿದ್ದರೆ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ. ಚಿಕ್ಕ ವಿಷಯ ಅನಿಸಬಹುದು. ಆದರೆ ಅಷ್ಟಕ್ಕೇ ಕ್ಲಚ್ ಪೂರ್ತಿ ಬಿಡದೇ ಇರಬಹುದು.

ಈಗ ಎಂಜಿನ್ ಆಫ್ ಇಟ್ಟು ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ. ಎಲ್ಲವೂ ಸಲೀಸಾಗಿ ಬೀಳಬೇಕು. ಆಮೇಲೆ ಎಂಜಿನ್ ಆನ್ ಮಾಡಿ ಅದನ್ನೇ ಮಾಡಿ. ಆಫ್ ಇದ್ದಾಗ ಸಲೀಸು, ಆನ್ ಆದ ಮೇಲೆ ಕಷ್ಟ ಅಂದರೆ ಕ್ಲಚ್ ಬಿಡುತ್ತಿಲ್ಲ. ಎಂಜಿನ್ ಆಫ್ ಇದ್ದಾಗಲೂ ಗೇರ್ ಲಿವರ್ ಗಟ್ಟಿಯಾಗಿದ್ದರೆ ಗೇರ್ ಕೇಬಲ್ ಅಥವಾ ಲಿಂಕೇಜ್ ಕಡೆ ನೋಡಿ. ಓಡುವಾಗ ಒಂದೇ ಗೇರಿನಲ್ಲಿ, ಉದಾಹರಣೆಗೆ ಎರಡನೆಯದರಲ್ಲಿ ಮಾತ್ರ ಕರಕರ ಅಂದು ಉಳಿದವೆಲ್ಲ ಚೆನ್ನಾಗಿದ್ದರೆ ಅದು ಗೇರ್‌ಬಾಕ್ಸ್ ಒಳಗಿನ ಸಿಂಕ್ರೋನೈಜರ್ (ಗೇರ್ ಸೇರುವ ಮೊದಲು ಎರಡರ ವೇಗ ಸಮ ಮಾಡುವ ಸಾಮಾನು) ಸವೆತ. ಕ್ಲಚ್ ಬದಲಾಯಿಸಿದರೆ ಅದು ಹೋಗುವುದಿಲ್ಲ.

ಇನ್ನೂ ಖಚಿತವಾಗಬೇಕಾ? ಎಂಜಿನ್ ಐಡ್ಲಿಂಗ್‌ನಲ್ಲಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಪೆಡಲ್ ಪೂರ್ತಿ ಒತ್ತಿ, ಹತ್ತರವರೆಗೆ ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೋನೈಜರ್ ಇರುವುದಿಲ್ಲ, ಹಾಗಾಗಿ ಅದು ಸುಳ್ಳು ಹೇಳುವುದಿಲ್ಲ. ಹತ್ತು ಎಣಿಸುವಷ್ಟರಲ್ಲಿ ಕ್ಲಚ್ ಪ್ಲೇಟ್ ತಿರುಗುವುದು ನಿಂತಿರಬೇಕು. ಆಗಲೂ ಕರ್ರ್ ಅಂದರೆ ಪ್ಲೇಟ್ ಇನ್ನೂ ಫ್ಲೈವೀಲ್ ಜೊತೆ ಉಜ್ಜಿಕೊಂಡು ತಿರುಗುತ್ತಿದೆ.

ಆಯಿಲ್ ಕಾರಾದರೆ ಪೆಡಲನ್ನು ನಾಲ್ಕೈದು ಸಲ ಬೇಗಬೇಗ ಪಂಪ್ ಮಾಡಿ ನೋಡಿ. ಪಂಪ್ ಮಾಡಿದ ಮೇಲೆ ಗೇರ್ ಸಲೀಸಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಇದೆ ಅಥವಾ ಸೀಲ್ ಸೋರುತ್ತಿದೆ. ಗೇರ್‌ಬಾಕ್ಸ್ ಮುಟ್ಟುವ ಕಾರಣ ಸದ್ಯಕ್ಕಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವ ಪರೀಕ್ಷೆ ಮುಂದಿನದು. ಒಬ್ಬರು ಎಂಜಿನ್ ಆಫ್ ಇರುವಾಗ ಪೆಡಲ್ ಒತ್ತಲಿ. ನೀವು ಬಾನೆಟ್ ತೆಗೆದು ಫೋರ್ಕ್ ಅಥವಾ ಸ್ಲೇವ್ ಸಿಲಿಂಡರಿನ ರಾಡ್ ಎಷ್ಟು ಚಲಿಸುತ್ತದೆ ನೋಡಿ, ಸ್ಕೇಲ್ ಇಟ್ಟು ಅಳೆಯಿರಿ. ಮ್ಯಾನ್ಯುಯಲ್ ಹೇಳುವಷ್ಟು ಚಲನೆ ಇದ್ದೂ ಕ್ಲಚ್ ಬಿಡದಿದ್ದರೆ ತೊಂದರೆ ಗೇರ್‌ಬಾಕ್ಸಿನ ಚಿಪ್ಪಿನೊಳಗಿದೆ. ಚಲನೆ ಕಡಿಮೆ ಇದ್ದರೆ ತೊಂದರೆ ಹೊರಗಿದೆ: ಪೆಡಲ್ ಬ್ರಾಕೆಟ್ ಬಿರುಕು, ಎಳೆದುಹೋದ ಕೇಬಲ್, ಉಬ್ಬುವ ರಬ್ಬರ್ ಪೈಪ್, ಸೋರುವ ಸಿಲಿಂಡರ್. ಒಂದೇ ಅಳತೆ, ಆದರೆ ಇಡೀ ದಿನದ ಕೆಲಸ ಬೇಕೋ ಬೇಡವೋ ಅನ್ನೋದನ್ನು ಅದು ಹೇಳಿಬಿಡುತ್ತದೆ.

ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಮತ್ತು ರಿಲೀಸ್ ಬೇರಿಂಗ್ ಒಂದೇ ಸಾಮಾನಾಗಿ ಗೇರ್‌ಬಾಕ್ಸಿನ ಒಳಗೆ ಶಾಫ್ಟ್ ಸುತ್ತ ಕೂತಿರುತ್ತದೆ. ಅದನ್ನು ಹೊರಗಿನಿಂದ ನೋಡಲಾಗುವುದಿಲ್ಲ. ಆಯಿಲ್ ಕಡಿಮೆಯಾಗುತ್ತಿದೆ, ಹೊರಗೆಲ್ಲೂ ಸೋರಿಕೆ ಕಾಣುತ್ತಿಲ್ಲ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ತಳಭಾಗ ಒರೆಸಿ ನೋಡಿ. ಅಲ್ಲಿ ತೆಳ್ಳನೆಯ ಬ್ರೇಕ್ ಆಯಿಲ್ ಜಿನುಗಿದ್ದರೆ ಒಳಗಿನ ಸಿಲಿಂಡರ್ ಹೋಗಿದೆ.

ತಿಂಗಳುಗಟ್ಟಲೆ ನಿಂತ ಕಾರಿನ ವಿಷಯ ಬೇರೆ. ತೇವಕ್ಕೆ ಪ್ಲೇಟ್ ಫ್ಲೈವೀಲ್‌ಗೆ ಅಂಟಿಕೊಂಡಿರಬಹುದು. ಇದು ಸವೆತ ಅಲ್ಲ, ತುಕ್ಕು. ಎಂಜಿನ್ ಬಿಸಿಯಾಗಲು ಬಿಡಿ. ಆಮೇಲೆ ಪೆಡಲ್ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕಾಯಿರಿ. ಹಲವು ಸಲ ಅಷ್ಟಕ್ಕೇ ಬಿಡುತ್ತದೆ.

ಸದ್ದು ಮತ್ತು ನಡುಕ

ಸದ್ದು ಕೇಳಲು ಎಂಜಿನ್ ಆನ್, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಪೆಡಲ್ ಒತ್ತಿದಾಗ ಕೊಯ್ಯ್ ಅಂತ ಸದ್ದು ಶುರುವಾಗಿ, ಬಿಟ್ಟಾಗ ನಿಂತರೆ ರಿಲೀಸ್ ಬೇರಿಂಗ್. ಇದಕ್ಕೆ ಉಲ್ಟಾ, ಪೆಡಲ್ ಬಿಟ್ಟಾಗ ಗುರ್ ಅಂದು, ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಇವೆರಡನ್ನೂ ಅದಲುಬದಲು ಮಾಡಿಕೊಂಡು ಹೊಸ ಕ್ಲಚ್ ಹಾಕಿಸಿ, ಹಳೇ ಸದ್ದಿನೊಂದಿಗೇ ಮನೆಗೆ ಬರುವವರಿದ್ದಾರೆ. ಐಡ್ಲಿಂಗ್‌ನಲ್ಲಿ ಲೊಡಲೊಡ ಸದ್ದು, ಎಂಜಿನ್ ಆಫ್ ಮಾಡುವಾಗ ದಡ್ ಅಂತ ಅದುರು ಇದ್ದರೆ, ಡ್ಯುಯಲ್ ಮಾಸ್ ಫ್ಲೈವೀಲ್ (ಎರಡು ತುಂಡುಗಳನ್ನು ಸ್ಪ್ರಿಂಗ್‌ನಿಂದ ಜೋಡಿಸಿದ ಫ್ಲೈವೀಲ್) ಇರುವ ಕಾರುಗಳಲ್ಲಿ ಆ ಫ್ಲೈವೀಲನ್ನೇ ಅನುಮಾನಿಸಬೇಕು.

ನಿಂತಲ್ಲಿಂದ ಹೊರಡುವಾಗ ಕಾರು ಗಡಗಡ ನಡುಗಿದರೆ ಮೊದಲು ಎಂಜಿನ್ ಮೌಂಟ್, ಅಂದರೆ ಎಂಜಿನ್ ಕೂತಿರುವ ರಬ್ಬರ್ ಆಧಾರ ನೋಡಿ. ಹರಿದ ಮೌಂಟ್ ಕೂಡ ಥೇಟ್ ಕ್ಲಚ್ ನಡುಕದ ಹಾಗೇ ಇರುತ್ತದೆ. ಅದನ್ನು ಬದಲಾಯಿಸುವುದು ಎಷ್ಟೋ ಸುಲಭ. ರಬ್ಬರಿನಲ್ಲಿ ಸೀಳು ಬಂದಿದೆಯಾ, ಕಬ್ಬಿಣದಿಂದ ಬಿಟ್ಟಿದೆಯಾ ಎಂದು ಟಾರ್ಚ್ ಹಾಕಿ ನೋಡಿ. ಮೌಂಟ್ ಗಟ್ಟಿಯಿದ್ದರೆ ಪ್ಲೇಟ್ ಮೇಲೆ ಆಯಿಲ್ ಅಥವಾ ಫ್ಲೈವೀಲ್ ಮೇಲೆ ಸುಟ್ಟ ಕಲೆಗಳಿರಬಹುದು.

ಪೆಡಲ್ ದಿನೇ ದಿನೇ ಗಟ್ಟಿಯಾಗುತ್ತಿದ್ದರೆ ಕೇಬಲ್ ಒಳಗೆ ಎಳೆಗಳು ಬಿಚ್ಚಿಕೊಂಡಿರಬಹುದು. ಇಲ್ಲದಿದ್ದರೆ ಪ್ರೆಶರ್ ಪ್ಲೇಟ್ ಹಳತಾಗಿದೆ, ಅಥವಾ ಬೇರಿಂಗ್ ಜಾರುವ ಕೊಳವೆ ಸವೆದಿದೆ.

ಹೊರಗಿನಿಂದ ಆಗುವ ರಿಪೇರಿ

ಕೇಬಲ್ ಕಾರಿನಲ್ಲಿ ಎರಡೂ ತುದಿ ನೋಡಿ. ಒಂದು ಎಳೆ ಕಿತ್ತಿದ್ದರೂ ಕೇಬಲ್ ಬದಲಾಯಿಸಿ, ಅದು ಯಾವತ್ತು ತುಂಡಾಗುತ್ತದೋ ಹೇಳಲಾಗದು. ಕೇಬಲ್ ಚೆನ್ನಾಗಿದ್ದರೆ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಲಾಕ್‌ನಟ್ ಸಡಿಲಿಸಿ, ಅಡ್ಜಸ್ಟರ್ ತಿರುಗಿಸಿ, ಪ್ಲೇ ಹೊಂದಿಸಿ, ಮತ್ತೆ ಲಾಕ್ ಮಾಡಿ. ಸ್ಲಿಪ್ ಇದ್ದರೆ ಸಡಿಲ ಮಾಡಬೇಕು, ಗೇರ್ ಬೀಳದಿದ್ದರೆ ಬಿಗಿ ಮಾಡಬೇಕು. ಹೊಂದಿಸಿದ ಮೇಲೆ ಪೆಡಲ್ ಹತ್ತಿಪ್ಪತ್ತು ಸಲ ಒತ್ತಿ, ಮತ್ತೆ ಅಳೆಯಿರಿ. ಹೊಸ ಕೇಬಲ್ ಹಾಕುವಾಗ ಹಳೆಯದು ಹೋದ ದಾರಿಯಲ್ಲೇ ಹೋಗಬೇಕು. ಒಂದು ಕಡೆ ಚೂಪಾಗಿ ಬಗ್ಗಿದರೂ ಪೆಡಲ್ ಗಟ್ಟಿಯಾಗುತ್ತದೆ.

ಆಯಿಲ್ ಕಾರಿನಲ್ಲಿ ಮೊದಲು ಟ್ಯಾಂಕ್ ನೋಡಿ. ಬಹಳಷ್ಟು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್‌ಗೂ ಒಂದೇ ಟ್ಯಾಂಕ್. ಯಾವ ಆಯಿಲ್ ಹಾಕಬೇಕು ಎಂದು ಮುಚ್ಚಳದ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4. ಬೇರೆ ಯಾವ ಎಣ್ಣೆಯನ್ನೂ ಇದಕ್ಕೆ ಸೇರಿಸಬೇಡಿ. ಎಂಜಿನ್ ಆಯಿಲ್ ಸ್ವಲ್ಪ ಬಿದ್ದರೂ ರಬ್ಬರ್ ಸೀಲುಗಳು ಉಬ್ಬಬಹುದು. ಒಂದೇ ಟ್ಯಾಂಕ್ ಆದರೆ ಬ್ರೇಕೂ ಹೋಗಬಹುದು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಅದಕ್ಕೇ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು. ಕಪ್ಪಗಾಗಿದ್ದರೆ ಬ್ಲೀಡ್ ಮಾಡುವ ನೆಪದಲ್ಲಿ ಪೂರ್ತಿ ಹೊಸದು ಮಾಡಿಬಿಡಿ.

ಆಯಿಲ್ ಸುಮ್ಮನೆ ಮಾಯವಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಇಲ್ಲವೇ ಬ್ರೇಕ್ ಪ್ಯಾಡ್ ಸವೆದಿವೆ. ಪೆಡಲಿನ ಮೇಲ್ಗಡೆ, ಪುಶ್‌ರಾಡ್ ಗೋಡೆಯೊಳಗೆ ಹೋಗುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿ ನೋಡಿ. ಒದ್ದೆ ಇದ್ದರೆ ಸಿಲಿಂಡರ್ ಬದಲಾಯಿಸಿ. ಬರೀ ಸೀಲ್ ಕಿಟ್ ಹಾಕಬಹುದು ನಿಜ. ಆದರೆ ಒಳಗೋಡೆಯಲ್ಲಿ ಗೀರು ಬಿದ್ದಿದ್ದರೆ ಹೊಸ ಸೀಲ್ ಬಹಳ ದಿನ ಬಾಳುವುದಿಲ್ಲ. ನಾನಾದರೆ ಪೂರ್ತಿ ಸಿಲಿಂಡರನ್ನೇ ಹಾಕುತ್ತೇನೆ.

ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು.

1. ಟ್ಯಾಂಕ್ ತುಂಬಿಸಿ. ಕೆಲಸ ಮುಗಿಯುವವರೆಗೂ ಅದು ಮಿನಿಮಮ್ ಗೆರೆಗಿಂತ ಕೆಳಗೆ ಹೋಗಬಾರದು. ಖಾಲಿಯಾದರೆ ಬ್ರೇಕ್ ಲೈನಿಗೂ ಗಾಳಿ ಹೋಗುವ ಅಪಾಯವಿದೆ.
2. ಬ್ಲೀಡ್ ನಿಪ್ಪಲ್ ಸುತ್ತ ಒರೆಸಿ, ಪಾರದರ್ಶಕ ಪೈಪ್ ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ.
3. ಸಹಾಯಕರು ಪೆಡಲ್ ಮೆಲ್ಲಗೆ ಪೂರ್ತಿ ಒತ್ತಿ ಹಿಡಿಯಲಿ. ನೀವು ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿ. ಆಯಿಲ್ ಜೊತೆ ಗುಳ್ಳೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿ, ಆಮೇಲೆಯೇ ಪೆಡಲ್ ಬಿಡಲು ಹೇಳಿ.
4. ಪೆಡಲ್ ತಾನಾಗಿ ಮೇಲೆ ಬರದಿದ್ದರೆ ಕೈಯಿಂದ ಎತ್ತಲಿ. ಗುಳ್ಳೆ ನಿಲ್ಲುವವರೆಗೆ ಇದನ್ನೇ ಮಾಡಿ.

"ಒತ್ತಿದೆ", "ಬಿಡು" ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಿ. ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಪೈಪಿನಲ್ಲಿ ಇರುವುದೆಲ್ಲ ವಾಪಸ್ ಒಳಗೆ ಹೋಗುತ್ತದೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ.

ಗೇರ್‌ಬಾಕ್ಸ್ ಇಳಿಸಲೇಬೇಕಾದಾಗ

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸಮತಟ್ಟಾದ ಗಟ್ಟಿ ನೆಲ, ಒಳ್ಳೆಯ ಆ್ಯಕ್ಸಲ್ ಸ್ಟ್ಯಾಂಡ್‌ಗಳು, ಗೇರ್‌ಬಾಕ್ಸ್ ಹೊರುವ ಜಾಕ್, ಟಾರ್ಕ್ ರೆಂಚ್, ಜೊತೆಗೊಬ್ಬರು, ನಿಮ್ಮ ಕಾರಿನ ಮ್ಯಾನ್ಯುಯಲ್. ಇದರಲ್ಲಿ ಒಂದು ಇಲ್ಲದಿದ್ದರೂ ಈ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಸಣ್ಣ ಕಾರಿನ ಗೇರ್‌ಬಾಕ್ಸೂ 30 ಕಿಲೋಗಿಂತ ಹೆಚ್ಚು ತೂಗಬಹುದು. ಅದು ಎದೆ ಮೇಲೆ ಬೀಳುವ ಸಾಮಾನು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ತಲೆ ಹಾಕಬೇಡಿ.

ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಕೆಲಸದ ಕ್ರಮ ಹೀಗೆ. ಚಕ್ರ ನೆಲದ ಮೇಲಿರುವಾಗಲೇ ಅದರ ನಡುವಿನ ದೊಡ್ಡ ಹಬ್‌ನಟ್ ಸಡಿಲಿಸಿ. ಆಮೇಲೆ ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಸ್ಟಾರ್ಟರ್ ಮೋಟಾರ್ ತೆಗೆಯಬೇಕಲ್ವಾ, ಅದರ ದಪ್ಪ ಕೇಬಲ್‌ನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಕಾರು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಅಲುಗಾಡಿಸಿ ನೋಡಿ. ಗೇರ್ ಆಯಿಲ್ ಇಳಿಸಿ. ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ ಎರಡೂ ಡ್ರೈವ್‌ಶಾಫ್ಟ್ ಎಳೆಯಿರಿ. ಗೇರ್ ಕೇಬಲ್, ಕ್ಲಚ್ ಕೇಬಲ್ ಅಥವಾ ಸ್ಲೇವ್ ಸಿಲಿಂಡರ್, ರಿವರ್ಸ್ ಲೈಟಿನ ವೈರ್, ಸ್ಟಾರ್ಟರ್ ಎಲ್ಲ ಬಿಚ್ಚಿ. ಒಂದೊಂದು ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಗೇರ್‌ಬಾಕ್ಸಿನ ಬೋಲ್ಟ್‌ಗಳು ಬೇರೆ ಬೇರೆ ಉದ್ದ ಇರುತ್ತವೆ. ಒಂದು ರಟ್ಟಿನ ಮೇಲೆ ಗೇರ್‌ಬಾಕ್ಸಿನ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಹಿಂದಿನ ಚಕ್ರ ತಳ್ಳುವ ಕಾರಾದರೆ ಡ್ರೈವ್‌ಶಾಫ್ಟ್ ಬದಲು ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಉಳಿದದ್ದು ಹೆಚ್ಚು ಕಡಿಮೆ ಇದೇ.

ಎಂಜಿನ್‌ಗೆ ಮೇಲಿನಿಂದ ಅಥವಾ ಕೆಳಗಿನಿಂದ ಆಧಾರ ಕೊಟ್ಟ ಮೇಲೆಯೇ ಗೇರ್‌ಬಾಕ್ಸ್ ಮೌಂಟ್ ಬಿಚ್ಚಬೇಕು. ಗೇರ್‌ಬಾಕ್ಸ್ ಜಾಕ್ ಮೇಲಿರಲಿ. ಎಲ್ಲ ಬೋಲ್ಟ್ ತೆಗೆದು ಎಂಜಿನ್‌ನಿಂದ ನೇರವಾಗಿ ಆಚೆಗೆ ಎಳೆಯಿರಿ. ಅರ್ಧ ಬಂದಾಗ ಕೈಬಿಟ್ಟು ಇನ್‌ಪುಟ್ ಶಾಫ್ಟ್ ಮೇಲೆ ಜೋತುಬೀಳಲು ಬಿಡಬೇಡಿ. ಪ್ಲೇಟಿನ ನಡುಭಾಗ ಬಾಗಿಹೋಗುತ್ತದೆ.

ಹಳೆಯ ಪ್ಲೇಟ್ ಓದುವುದು

ಈಗ ಆತುರ ಬೇಡ. ಹೊಸ ಸೆಟ್ ಪೆಟ್ಟಿಗೆ ತೆಗೆಯುವ ಮೊದಲು ಹಳೆಯದನ್ನು ಕೈಯಲ್ಲಿ ಹಿಡಿದು ನೋಡಿ. ಯಾಕೆ ಹೋಯಿತು ಅನ್ನೋದು ಅದರ ಮೈಮೇಲೇ ಬರೆದಿರುತ್ತದೆ. ಆ ಕಾರಣ ತೆಗೆಯದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

ಒಳಗಿನ ಧೂಳನ್ನು ಗಾಳಿ ಊದಿ ಹಾರಿಸಬೇಡಿ. ಹಳೆಯ ಕ್ಲಚ್‌ಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಲೈನಿಂಗ್ ರಿವೆಟ್‌ಗಳ ಮಟ್ಟಕ್ಕೆ ಬಂದಿದೆಯಾ? ಎರಡೂ ಬದಿ ಸಮನಾಗಿ ಸವೆದಿದ್ದರೆ ಅದು ವಯಸ್ಸಿನ ಸವೆತ. ಅದರಲ್ಲಿ ಬೇಸರ ಇಲ್ಲ. ಲೈನಿಂಗ್ ಹೊಳಪಾಗಿ, ಕಪ್ಪಗಾಗಿ ಸುಟ್ಟಿದ್ದರೆ ಹಾಫ್ ಕ್ಲಚ್ ಜಾಸ್ತಿ ಆಗಿದೆ, ಅಥವಾ ಪ್ಲೇ ಇರಲಿಲ್ಲ. ಎಣ್ಣೆ ಕಂಡರೆ ಎಲ್ಲಿಯದು ಎಂದು ಹುಡುಕಿ. ಫ್ಲೈವೀಲ್ ಹಿಂದಿನಿಂದ ಬಂದಿದ್ದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್. ಇನ್‌ಪುಟ್ ಶಾಫ್ಟ್ ಸುತ್ತ ಇದ್ದರೆ ಗೇರ್‌ಬಾಕ್ಸ್ ಸೀಲ್. ಮೂಸಿ ನೋಡಿದರೂ ಗೊತ್ತಾಗುತ್ತದೆ, ಗೇರ್ ಆಯಿಲ್‌ಗೆ ಒಂದು ಘಾಟು ವಾಸನೆ ಇರುತ್ತದೆ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಲೈನಿಂಗ್ ಒಳಗೆ ಇಳಿದ ಎಣ್ಣೆ ಬಿಸಿಯಾದಾಗ ಮತ್ತೆ ಹೊರಬರುತ್ತದೆ.

ನಡುವಿನ ಸ್ಪ್ರಿಂಗ್‌ಗಳು ಸಡಿಲವಾ, ಒಂದಾದರೂ ಮುರಿದಿದೆಯಾ ನೋಡಿ. ಡಯಾಫ್ರಾಮ್ ಬೆರಳುಗಳ ತುದಿ ಒಂದೇ ಎತ್ತರದಲ್ಲಿರಬೇಕು. ಒಂದೆರಡು ಬಾಗಿದ್ದರೆ ಪೆಡಲ್ ಮಿಡಿಯುತ್ತಿದ್ದದ್ದು ಅದಕ್ಕೇ.

ಫ್ಲೈವೀಲ್ ಮೇಲೆ ಬೆರಳಾಡಿಸಿ. ಉಗುರಿಗೆ ಸಿಗುವ ಗೀರು, ನೀಲಿ ಕಲೆ, ಕೂದಲೆಳೆ ಬಿರುಕುಗಳಿದ್ದರೆ ಹಾಗೇ ಬಿಡುವಂತಿಲ್ಲ. ಸಾಮಾನ್ಯ ಫ್ಲೈವೀಲನ್ನು ಲೇತ್‌ನಲ್ಲಿ ತೆಳ್ಳಗೆ ಹೆರೆಸಬಹುದು, ಆದರೆ ಮ್ಯಾನ್ಯುಯಲ್ ಹೇಳುವ ಕನಿಷ್ಠ ದಪ್ಪದೊಳಗೆ ಮಾತ್ರ. ಬಿರುಕು ಆಳವಾಗಿದ್ದರೆ ಬದಲಾಯಿಸಬೇಕು. ಡ್ಯುಯಲ್ ಮಾಸ್ ಆದರೆ ಕೈಯಿಂದ ತಿರುಗಿಸಿ, ಅಲುಗಾಡಿಸಿ, ಮಿತಿಗಿಂತ ಜಾಸ್ತಿ ಸಡಿಲ ಇದ್ದರೆ ಬದಲಾಯಿಸಿ.

ಹೊಸದು ಕೂರಿಸುವುದು

ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿ. ಬೇರಿಂಗ್ ಇನ್ನೂ ಚೆನ್ನಾಗಿದೆ ಎಂದು ಹಳೆಯದನ್ನೇ ಬಿಟ್ಟರೆ, ಅದು ಹೋದ ದಿನ ಇಷ್ಟೂ ಕೆಲಸ ಮತ್ತೆ ಮಾಡಬೇಕು. ಇಷ್ಟು ದೂರ ಬಂದ ಮೇಲೆ ಹಳೆಯ ಆಯಿಲ್ ಸೀಲುಗಳನ್ನೂ ಬಿಡಬೇಡಿ. ಸ್ಲೇವ್ ಸಿಲಿಂಡರ್ ಒಳಗಿರುವ ಕಾರಾದರೆ ಅದನ್ನೂ ಹೊಸದು ಹಾಕಿ. ಆದರೆ ಗೇರ್‌ಬಾಕ್ಸ್ ವಾಪಸ್ ಕೂರುವ ಮೊದಲು ಪೆಡಲ್ ಮುಟ್ಟಬೇಡಿ, ಹಿಂದೆ ತಡೆ ಇಲ್ಲದೆ ಅದರ ಪಿಸ್ಟನ್ ಹೊರಗೆ ಬಂದುಬಿಡುತ್ತದೆ.

ಹೊಸ ಪ್ರೆಶರ್ ಪ್ಲೇಟ್ ಮೇಲೆ ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಸವರಿರುತ್ತಾರೆ. ಅದನ್ನೂ ಫ್ಲೈವೀಲನ್ನೂ ಬ್ರೇಕ್ ಕ್ಲೀನರಿನಿಂದ ಒರೆಸಿ. ಆಮೇಲೆ ಉಜ್ಜುವ ಮೈಗೆ ಬೆರಳು ತಾಗಿಸಬೇಡಿ. ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ಬಿಸಿ ತಡೆಯುವ ಗ್ರೀಸ್ ತೆಳ್ಳಗೆ ಸವರಿ. ಪ್ಲೇಟನ್ನು ಒಮ್ಮೆ ಶಾಫ್ಟ್ ಮೇಲೆ ಹಾಕಿ ಜಾರಿಸಿ ನೋಡಿ, ಸಲೀಸಾಗಿ ಹೋಗಬೇಕು. ಹೊರಗೆ ಬಂದ ಗ್ರೀಸ್ ಒರೆಸಿಬಿಡಿ. ಜಾಸ್ತಿ ಗ್ರೀಸ್ ತಿರುಗುವಾಗ ಹಾರಿ ಲೈನಿಂಗ್ ಮೇಲೇ ಬೀಳುತ್ತದೆ.

ಪ್ಲೇಟಿಗೆ ಎರಡು ಮುಖ ಇದೆ. ಫ್ಲೈವೀಲ್ ಕಡೆ ಯಾವುದು, ಗೇರ್‌ಬಾಕ್ಸ್ ಕಡೆ ಯಾವುದು ಎಂದು ಅದರ ಮೇಲೆ ಬರೆದಿರುತ್ತದೆ. ಬಹಳಷ್ಟು ಕಾರುಗಳಲ್ಲಿ ಸ್ಪ್ರಿಂಗ್ ಉಬ್ಬಿರುವ ಬದಿ ಗೇರ್‌ಬಾಕ್ಸ್ ಕಡೆ ಇರುತ್ತದೆ. ಉಲ್ಟಾ ಹಾಕಿದರೆ ಕ್ಲಚ್ ಬಿಡುವುದೇ ಇಲ್ಲ. ಅದು ಗೊತ್ತಾಗುವುದು ಎಲ್ಲ ಜೋಡಿಸಿ ಮುಗಿದ ಮೇಲೆ.

ಸೆಂಟರ್ ಮಾಡುವ ಉಪಕರಣ ಹಾಕಿ ಪ್ಲೇಟನ್ನು ನಡುವಿಗೆ ನಿಲ್ಲಿಸಿ. ಪ್ರೆಶರ್ ಪ್ಲೇಟಿನ ಬೋಲ್ಟ್‌ಗಳನ್ನು ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿ ಮಾಡಿದರೆ ಕವರ್ ಬಾಗುತ್ತದೆ. ಕೊನೆಗೆ ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು. ತಾನೇ ಹೊಂದಿಕೊಳ್ಳುವ ಬಗೆಯ ಪ್ರೆಶರ್ ಪ್ಲೇಟ್‌ಗೆ ಬೇರೆಯೇ ಉಪಕರಣ ಬೇಕು.

ಗೇರ್‌ಬಾಕ್ಸ್ ಕೂರಿಸುವಾಗ ಎಂಜಿನ್ ಮುಖದ ಮೇಲಿನ ಸಣ್ಣ ಗೈಡ್ ಪಿನ್‌ಗಳು ತಮ್ಮ ಜಾಗದಲ್ಲಿವೆಯಾ ನೋಡಿ. ಅವಿಲ್ಲದೆ ಜೋಡಿಸಿದರೆ ಶಾಫ್ಟ್ ವಾರೆಯಾಗಿ ನಿಲ್ಲುತ್ತದೆ. ಗೇರ್‌ಬಾಕ್ಸ್ ಕೈಬಲಕ್ಕೇ ಎಂಜಿನ್‌ಗೆ ಕೂರಬೇಕು. ಅಂತರ ಉಳಿದರೆ ಬೋಲ್ಟ್ ಹಾಕಿ ಎಳೆಯಬೇಡಿ. ಹಲ್ಲುಗಳು ಸೇರಿಲ್ಲ ಎಂದರ್ಥ. ಗೇರಿಗೆ ಹಾಕಿ ಡ್ರೈವ್ ಕಡೆಯಿಂದ ಸ್ವಲ್ಪ ತಿರುಗಿಸಿ, ಮತ್ತೆ ತಳ್ಳಿ. ಆಗಲೂ ಬರದಿದ್ದರೆ ಹೊರಗೆ ತೆಗೆದು ಪ್ಲೇಟ್ ನಡುವಿಗಿದೆಯಾ ನೋಡಿ.

ಉಳಿದದ್ದೆಲ್ಲ ಬಿಚ್ಚಿದ್ದಕ್ಕೆ ಉಲ್ಟಾ ಕ್ರಮ. ಹಬ್‌ನಟ್ ಹೊಸದು ಹಾಕಿ. ಗೇರ್ ಆಯಿಲ್ ತುಂಬಲು ಮರೆಯಬೇಡಿ, ಆಯಿಲ್ ಇಲ್ಲದ ಗೇರ್‌ಬಾಕ್ಸ್ ಬೇಗ ಹಾಳಾಗುತ್ತದೆ. ತುಂಬಿದ ಕೂಡಲೇ ಸ್ಟೀರಿಂಗ್ ಮೇಲೆ "ಆಯಿಲ್ ಹಾಕಿದೆ" ಎಂದು ಚೀಟಿ ಅಂಟಿಸುವುದು ನನ್ನ ರೂಢಿ. ಚೀಟಿ ಇಲ್ಲದಿದ್ದರೆ ಕೀ ತಿರುಗಿಸುವುದಿಲ್ಲ.

ಮೊದಲ 500 ಕಿಲೋಮೀಟರ್

ಸ್ಟ್ಯಾಂಡ್ ಮೇಲೆ ಇರುವಾಗಲೇ ಎಂಜಿನ್ ಆಫ್ ಇಟ್ಟು ಎಲ್ಲ ಗೇರ್ ಬೀಳುತ್ತವಾ ನೋಡಿ. ಇಳಿಸಿದ ಮೇಲೆ ಮೇಲಿನ ರಿವರ್ಸ್ ಪರೀಕ್ಷೆ ಮತ್ತೆ ಮಾಡಿ. ಸ್ಲಿಪ್ ಪರೀಕ್ಷೆ ಮಾತ್ರ ಈಗ ಬೇಡ. ಹೊಸ ಲೈನಿಂಗ್ ಫ್ಲೈವೀಲ್ ಜೊತೆ ಹೊಂದಿಕೊಳ್ಳಲು 300ರಿಂದ 500 ಕಿ.ಮೀ. ಬೇಕು. ಅಲ್ಲಿಯವರೆಗೆ ಮೆಲ್ಲಗೆ ಹೊರಡಿ, ಭಾರ ಎಳೆಯಬೇಡಿ, ಎತ್ತಿದ ಆರ್‌ಪಿಎಂನಲ್ಲಿ ಕ್ಲಚ್ ಬಿಡಬೇಡಿ. ಶುರುವಿನಲ್ಲಿ ಸ್ವಲ್ಪ ವಾಸನೆ ಬಂದರೆ ಗಾಬರಿ ಬೇಡ. ಒಂದೆರಡು ದಿನದಲ್ಲಿ ಹೋಗದಿದ್ದರೆ ನೋಡಬೇಕು.

ಏರಿನಲ್ಲಿ ಕಾರನ್ನು ಹಾಫ್ ಕ್ಲಚ್‌ನಲ್ಲಿ ನಿಲ್ಲಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಅದಕ್ಕೇ ಹ್ಯಾಂಡ್‌ಬ್ರೇಕ್ ಇರುವುದು. ಓಡಿಸುವಾಗ ಎಡಗಾಲು ಪೆಡಲ್ ಮೇಲೆ ಇಟ್ಟುಕೊಳ್ಳುವುದೂ ಅಷ್ಟೇ ಕೆಟ್ಟದ್ದು. ಕಾಲಿನ ಭಾರಕ್ಕೇ ಬೇರಿಂಗ್ ತಿರುಗುತ್ತಾ ಸವೆಯುತ್ತದೆ.

500 ಕಿ.ಮೀ. ಆದ ಮೇಲೆ ಒಂದು ಸಲ ಕೇಬಲ್ಲಿನ ಪ್ಲೇ ಅಳೆಯಿರಿ, ಸ್ವಲ್ಪ ಬದಲಾಗಿರಬಹುದು. ಆಯಿಲ್ ಕಾರಾದರೆ ಟ್ಯಾಂಕ್ ಮಟ್ಟ ನೋಡಿ. ಡ್ರೈವ್‌ಶಾಫ್ಟ್ ಸೀಲುಗಳ ಕೆಳಗೆ ಒಂದು ರಾತ್ರಿ ರಟ್ಟು ಹಾಸಿಟ್ಟು, ಬೆಳಿಗ್ಗೆ ಹನಿ ಬಿದ್ದಿದೆಯಾ ನೋಡಿ. ಆಮೇಲೆ ಆ ಏರು ರಸ್ತೆಗೆ ಹೋಗಿ, ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಈ ಸಲ ಮುಳ್ಳೂ ವೇಗವೂ ಜೊತೆಗೇ ಏರಬೇಕು.